ದೊಡ್ಡವಳಿಗೆ ಹೇಳಬೇಕಿದ್ದ ಮಾತು

ಮಾರ್ಚ್ ೧೪, ಭಾನುವಾರ

ದೊಡ್ಡಮ್ಮನಿಗೆ ನಿಮ್ಮ ತಂಗಿಯ ಮಗಳ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ಚೆನ್ನಾಗಿಲ್ಲ. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ನನಗೆ ಎಲ್ಲರ ಮೇಲೂ ಸಿಟ್ಟು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಶಾಲೆ ಅರ್ಧಕ್ಕೆ ಬಿಟ್ಟವಳು, ಬರೆಯಲು ಬರುವುದಿಲ್ಲವೇನೋ ಅಂದುಕೊಳ್ಳಲೂ ಬೇಡಿ. ಬರೆಯಲು ಬರುತ್ತದೆ, ಏನು ಬರೆಯಬೇಕೆಂದು ತೋಚದೆ ಹರಿದು ಹಾಕುತ್ತಿದ್ದೆ.

ಅಜ್ಜಿ ತೀರಿಕೊಂಡ ದಿನ ನೀವು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಅಮ್ಮ ನನ್ನ ಬಗ್ಗೆ ಏನಾದ್ರೂ ಹೇಳಿದ್ಲಾ?” ನನ್ನಮ್ಮ ತಕ್ಷಣ, “ಕೊನೇ ಗಳಿಗೆವರೆಗೂ ನಿನ್ನ ಹೆಸರೇ ಬಾಯಲ್ಲಿತ್ತು ಅಕ್ಕಾ” ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅದು ಸುಳ್ಳು. ಅಜ್ಜಿ ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಮಲಗುವ ಮುಂಚೆ, “ಕಿಟಕಿ ಹಾಕೇ, ಗಾಳಿ” ಅಂದಳು, ಅಷ್ಟೆ. ಆದರೆ ನಿಮ್ಮ ಬಗ್ಗೆ ಏನೂ ಹೇಳಲಿಲ್ಲ ಅಂದರೆ ಅದೂ ಸುಳ್ಳಾಗುತ್ತದೆ. ನನ್ನ ಗೊಂದಲ ಶುರುವಾಗುವುದೇ ಇಲ್ಲಿ.

ನಾನು ಶಾಲೆ ಬಿಟ್ಟಾಗ ಮನೆ ರಣರಂಗವಾಗಿತ್ತು. ಅಜ್ಜಿ ಮಾತ್ರ, “ಓದು ತಲೆಗೆ ಹತ್ತದಿದ್ರೆ ಕೆಲಸ ಕೈಗೆ ಹತ್ತಲಿ” ಎಂದು ತನ್ನ ಜೊತೆಗೇ ಹೋಟೆಲಿನ ಲಾಂಡ್ರಿಗೆ ಕರೆದುಕೊಂಡು ಹೋದಳು. ಈ ದೇಶಕ್ಕೆ ಬಂದಾಗಿನಿಂದ ಅವಳು ಬೆವರು ಸುರಿಸಿದ್ದು ಅಲ್ಲೇ. ನೆಲಮಾಳಿಗೆ, ಕಿಟಕಿ ಇಲ್ಲ, ಹಬೆಯಲ್ಲಿ ಎದುರಿಗಿದ್ದವರ ಮುಖ ಕಾಣುವುದಿಲ್ಲ. ಇಲ್ಲಿಯ ಭಾಷೆ ಕಲಿತದ್ದೂ ಅಲ್ಲೇ, ಮೊದಲು ಬೈಗುಳ, ಆಮೇಲೆ ಮಿಕ್ಕಿದ್ದು. ಮೇಲ್ವಿಚಾರಕ ಒಮ್ಮೆ, “ನಿಮ್ಮ ಕಡೆ ಹೀಗೇನಾ ಬಟ್ಟೆ ಮಡಚೋದು?” ಅಂದನಂತೆ. “ನಮ್ಮ ಕಡೆ ಮಡಚೋರು ಮಾತಾಡ್ತಾರೆ, ನಿಂತು ನೋಡೋರು ಬಾಯ್ಮುಚ್ಕೊಂಡಿರ್ತಾರೆ” ಅಂದಳಂತೆ ಅಜ್ಜಿ. ಅದೇ ಮನುಷ್ಯ ಅವಳ ಮಣ್ಣಿಗೆ ಬಂದು ಬಿಕ್ಕಿ ಬಿಕ್ಕಿ ಅತ್ತ. “ಇಂಥ ಸೌಮ್ಯ ಹೆಂಗಸನ್ನ ನಾನು ನೋಡಿಲ್ಲ” ಅಂದ. ಸೌಮ್ಯ! ನನಗೆ ನಗು ಬಂತು, ಅಮ್ಮ ಚಿವುಟಿದಳು. ಮೇಲಿನ ಮನೆಯ ಮುದುಕ, “ಮಾತೇ ಇರಲಿಲ್ಲ ಪಾಪ” ಅಂದ. ಇವರೆಲ್ಲ ಯಾರ ವಿಷಯ ಮಾತಾಡುತ್ತಿದ್ದಾರೆ ಎಂಬ ಅನುಮಾನ ಹುಟ್ಟಿ, ನಾನು ಎದ್ದು ಹೋಗಿ ಅಜ್ಜಿಯ ಮುಖ ಇನ್ನೊಮ್ಮೆ ನೋಡಿ ಬಂದೆ.

ದೊಡ್ಡ ಮಂಚದ ಬೆಡ್‌ಶೀಟನ್ನು ಒಬ್ಬರೇ ಮಡಚುವುದಕ್ಕೆ ಆಗುವುದಿಲ್ಲ. ಇಬ್ಬರು ಎದುರುಬದುರು ನಿಂತು ಎಳೆದು ಹಿಡಿಯಬೇಕು, ಹತ್ತಿರ ಬಂದು ಅಂಚು ಕೂಡಿಸಬೇಕು, ಮತ್ತೆ ಹಿಂದೆ ಸರಿಯಬೇಕು. ಯಂತ್ರಗಳ ಗದ್ದಲದಲ್ಲಿ, ಹತ್ತಿರ ಬಂದಾಗ ಆಡಿದ ಮಾತು ಮಾತ್ರ ಕೇಳಿಸುತ್ತದೆ. ಈ ಚಳಿಗಾಲದಲ್ಲಿ ಒಂದು ದಿನ ಅಜ್ಜಿ ಹಾಗೆ ಹತ್ತಿರ ಬಂದು, ನನ್ನ ಮುಖವನ್ನೇ ನೋಡುತ್ತಾ, “ನಿನ್ನ ಬಿಟ್ಟು ಬರಬೇಕು ಅಂತ ಇರಲಿಲ್ಲ ಕಣೆ ದೊಡ್ಡವಳೇ” ಅಂದಳು. ಹಿಂದೆ ಸರಿದಳು. ಮತ್ತೆ ಬಂದು, “ಆಗ ನಿನಗೆ ಜ್ವರ. ಜ್ವರ ಬಂದ ಮಗೂನ ಹಡಗಿಗೆ ಹತ್ತಿಸ್ಕೊಳ್ತಿರಲಿಲ್ಲ” ಅಂದಳು.

ಅಜ್ಜಿಗೆ ಮರೆವು ಶುರುವಾಯಿತು ಅಂದುಕೊಂಡೆ. ಅಮ್ಮನಿಗೆ ಹೇಳಿದೆ, ಅಮ್ಮ ಅವಳನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. “ಇವತ್ತು ಯಾವ ವಾರ ಅಜ್ಜಿ?” ಎಂದು ಡಾಕ್ಟರು ಕೇಳಿದರೆ, “ನಿಮಗೇ ಗೊತ್ತಿಲ್ದಿದ್ರೆ ನಾನು ಬೇರೆ ಡಾಕ್ಟರನ್ನ ನೋಡ್ಕೋತೀನಿ” ಅಂದಳು. ತಲೆ ನೆಟ್ಟಗಿದೆ, ನಾಲಗೆ ಸ್ವಲ್ಪ ಜಾಸ್ತಿ ನೆಟ್ಟಗಿದೆ ಎಂದು ಹೇಳಿ ಕಳಿಸಿದರು.

ಮಾರನೇ ದಿನ ಮತ್ತೆ ಶುರು. ಆದರೆ ಕಾರಣ ಬೇರೆ: “ನಿನ್ನ ಸೋದರತ್ತೆಗೆ ಮಕ್ಕಳಿರಲಿಲ್ಲ. ಒಂದು ವರ್ಷ ನನ್ನ ಹತ್ರ ಇರಲಿ ಅಂತ ಅವಳೇ ಕೇಳಿದ್ಲು.” ಇನ್ನೊಂದು ದಿನ, “ನೀನೇ ಬರಲ್ಲ ಅಂತ ಅಟ್ಟದ ಮೇಲೆ ಬಚ್ಚಿಟ್ಕೊಂಡೆ.” ಮನೆಯಲ್ಲಿ ಬೇರೆ ಯಾರೇ ಆಗಿದ್ದರೂ ಹೂಂ ಅಂದು ಸುಮ್ಮನಾಗುತ್ತಿದ್ದರು. ನನ್ನ ಕೈಯಲ್ಲಿ ಆಗಲಿಲ್ಲ. “ಅಜ್ಜಿ, ನಾನು ದೊಡ್ಡಮ್ಮ ಅಲ್ಲ” ಅಂದೆ.

“ಗೊತ್ತು ಕಣೇ ಕೋತಿ! ಬೇಸಿಗೇಲಿ ಊರಿಗೆ ಹೋಗ್ತೀನಲ್ಲ. ಅವಳೆದುರು ನಿಂತಾಗ ಬಾಯಿ ಬರಬೇಕಲ್ಲ, ಅದಕ್ಕೇ ಅಭ್ಯಾಸ ಮಾಡ್ತಿದ್ದೀನಿ.”

“ಹಾಗಾದ್ರೆ ಇದರಲ್ಲಿ ನಿಜ ಯಾವುದು?”

“ಕೇಳೋಕೆ ಯಾವುದು ಚೆನ್ನಾಗಿದೆ ಹೇಳು.”

“ಒಂದೂ ಚೆನ್ನಾಗಿಲ್ಲ.”

ಅಜ್ಜಿ ನಕ್ಕಳು. “ಸರಿ, ನೀನೇ ಅವಳಾಗು. ಬಾಯಿಗೆ ಬಂದ ಹಾಗೆ ಬೈಯಿ ನನ್ನ.”

“ದೊಡ್ಡಮ್ಮ ಹೇಗೆ ಬೈತಾರೆ ಅಂತ ನನಗೇನು ಗೊತ್ತು?” ಅಂದೆ.

ಅಜ್ಜಿ ಹತ್ತಿರ ಬಂದು ಬಟ್ಟೆಯ ಅಂಚು ಕೂಡಿಸಿದಳು. “ನನಗೂ ಗೊತ್ತಿಲ್ಲ” ಅಂದಳು.

ದೊಡ್ಡಮ್ಮ, ಇಷ್ಟು ವರ್ಷ ನೀವಿಬ್ಬರೂ ಫೋನಿನಲ್ಲಿ ಮಾತಾಡಿದ್ದೆಲ್ಲ ಮಂಡಿನೋವು, ಬಿಸಿಲು, ಊಟ ಆಯ್ತಾ. ನಿಮ್ಮ ಮದುವೆಗೆ ಅಜ್ಜಿ ಬಂದಾಗಲೂ ಜನಜಂಗುಳಿಯಲ್ಲಿ ನೀವು ನಗುನಗುತ್ತಾ ಓಡಾಡುತ್ತಿದ್ದಿರಂತೆ. “ಒಂದು ಸಲ ಸಿಡುಕಿದ್ರೂ ಸಾಕಿತ್ತು” ಅನ್ನುತ್ತಿದ್ದಳು.

ಜ್ವರದ ಕಥೆಯೊಂದನ್ನೇ ಬರಿ, ಅಕ್ಕನ ಮನಸ್ಸಿಗೆ ಸಮಾಧಾನ ಆಗುತ್ತದೆ ಎಂದು ಅಮ್ಮ ಹೇಳಿದಳು. ನಾನು ಒಪ್ಪಲಿಲ್ಲ, ಎಲ್ಲವನ್ನೂ ಬರೆದೆ. ಆದರೆ ಬರೆದ ಮೇಲೂ ಏನೂ ತಿಳಿಯಾಗಿಲ್ಲ. ನಿಮಗೆ ಆಗ ಜ್ವರ ಬಂದಿತ್ತಾ? ಆ ಮನೆಗೆ ಅಟ್ಟವಾದರೂ ಇತ್ತಾ? ಇಷ್ಟು ಸಲೀಸಾಗಿ ಕಥೆ ಕಟ್ಟುತ್ತಿದ್ದವಳನ್ನು ನಾನು ಯಾಕಿಷ್ಟು ಹಚ್ಚಿಕೊಂಡೆ? ಅಮ್ಮ ಕೆಲಸಕ್ಕೆ ಹೋದರೆ ನನಗೆ ತಲೆ ಬಾಚಿದ್ದು, ಉಣ್ಣಿಸಿದ್ದು, ಮೇಷ್ಟರ ಮುಂದೆ ನನ್ನ ಪರವಾಗಿ ಸುಳ್ಳು ಹೇಳಿದ್ದು ಎಲ್ಲ ಅವಳೇ. ಒಮ್ಮೊಮ್ಮೆ ಅನ್ನಿಸುತ್ತದೆ, ನಿಮ್ಮ ಪಾಲಿನದನ್ನು ನಾನು ತಿಂದು ಬೆಳೆದೆನಾ ಎಂದು. ಹಾಗಾದರೆ ನಿಮ್ಮ ಕ್ಷಮೆ ಕೇಳಬೇಕಾ? ನಾನೇನೂ ಮಾಡಿಲ್ಲವಲ್ಲ. ತಲೆ ಗಿರ್ ಅನ್ನುತ್ತದೆ.

ದೊಡ್ಡಪ್ಪನಿಗೆ ನಮಸ್ಕಾರ ತಿಳಿಸಿ. ಮನಸ್ಸಿಗೆ ಬಂದರೆ ನನಗೊಂದು ಆಶೀರ್ವಾದ ಮಾಡಿ, ಬಾರದಿದ್ದರೆ ಬಲವಂತವಿಲ್ಲ.

ನಿಮ್ಮ ತಂಗಿಯ ಮಗಳು

ತಾ.ಕ.: ಪತ್ರ ಓದಿ ಅಮ್ಮ ವಾಪಸು ಕೊಟ್ಟ ಮೇಲೆ ಇದನ್ನು ಸೇರಿಸುತ್ತಿದ್ದೇನೆ. ಅವಳಿಗೆ ಗೊತ್ತಿಲ್ಲ. ಅಜ್ಜಿ ಹೋಗುವ ಹಿಂದಿನ ವಾರ, ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆವು. ನಾನು ಏನನ್ನೂ ಕೇಳಿರಲಿಲ್ಲ. ಅವಳು ರಸ್ತೆ ನೋಡುತ್ತಾ ತಾನಾಗಿಯೇ ಅಂದಳು: “ಇಬ್ಬರೂ ಬಾಗಿಲಲ್ಲೇ ನಿಂತಿದ್ರು. ಒಬ್ಬರನ್ನ ಮಾತ್ರ ಕರ್ಕೊಂಡು ಹೋಗೋಕೆ ಆಗ್ತಿದ್ದದ್ದು. ಚಿಕ್ಕದು ಅಳ್ತಿತ್ತು, ದೊಡ್ಡದು ಅಳಲಿಲ್ಲ. ಅಳ್ತಿದ್ದದ್ದನ್ನ ಎತ್ಕೊಂಡೆ.” ಆ ದಿನ ದೊಡ್ಡವಳೇ ಎಂದು ಕರೆಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. “ಇದೊಂದನ್ನ ಮಾತ್ರ ಅವಳಿಗೆ ಹೇಗೆ ಹೇಳಲಿ” ಅಂದಳು. ಬಸ್ಸು ಬಂತು, ಹತ್ತಿದೆವು. ಕೇಳೋಣವೆಂದರೆ ಈಗ ಅವಳಿಲ್ಲ. ಅಮ್ಮ ಆಗಷ್ಟೇ ನಡೆಯಲು ಕಲಿತ ಕೂಸು, ಅವಳಿಗೆ ನೆನಪಿಲ್ಲ. ದೊಡ್ಡಮ್ಮ, ನೀವು ನಿಜವಾಗಿಯೂ ಅಳಲಿಲ್ಲವಾ?