ರೋಹಿಣಿಗೆ ನೀನು ಹೇಳಿಕೊಟ್ಟ ಹೆಸರು

ಲೇ ಹೊನ್ನೇಶ,

ನೀನು ಹೋಗಿ ವರ್ಷವಾದರೂ ನಮ್ಮ ಮನೆಯಲ್ಲಿ ನಿನ್ನ ಮೇಷ್ಟ್ರುಗಿರಿ ನಿಂತಿಲ್ಲ. ಸತ್ತವನ ಮೇಲೆ ಹೊಟ್ಟೆಕಿಚ್ಚುಪಡಬಾರದು, ಪಡುತ್ತಿದ್ದೇನೆ.

ಈ ಸಂಜೆ ಮಗಳು ಸ್ಫೂರ್ತಿಯನ್ನು ಬುಕ್ಕಾಂಬುಧಿ ಕೆರೆ ಏರಿಗೆ ಕರೆದುಕೊಂಡು ಹೋಗಿದ್ದೆ. ನಕ್ಷತ್ರದ ಎತ್ತರ ಅಳೆಯಲು ನೀನು ಮಾಡಿಕೊಟ್ಟ ರಟ್ಟಿನ ತಟ್ಟೆಯನ್ನೂ ತಂದಿದ್ದಳು. ಗ್ರೀಕರದ್ದು, ನಮ್ಮವರದ್ದು ಎನ್ನದೆ ಸಿಕ್ಕ ಪುಸ್ತಕವನ್ನೆಲ್ಲ ಓದುತ್ತಿದ್ದ ಬಾಗ್ದಾದಿನ ಪಂಡಿತರು ಸಾವಿರ ವರ್ಷದ ಹಿಂದೆ ಇಂಥದ್ದನ್ನೇ ಹಿತ್ತಾಳೆಯಲ್ಲಿ ಮಾಡಿಕೊಂಡಿದ್ದರಂತೆ. ಮಗಳಿಂದ ನನಗೇ ಪಾಠ! ಪೂರ್ವದಲ್ಲಿ ಕೆಂಪಗೆ ಹೊಳೆಯುತ್ತಿದ್ದುದನ್ನು ತೋರಿಸಿ, "ಅಪ್ಪಾ, ಅಲ್ಡೆಬರಾನ್! ಅರಬ್ಬರು ಇಟ್ಟ ಹೆಸರು. ಹಿಂದೆ ಬರೋನು ಅಂತ ಅರ್ಥ. ಕೃತ್ತಿಕೆ ಹಿಂದೇನೇ ಬರ್ತದಲ್ಲ," ಎಂದಳು.

ನಾನು ಬಿಡಲಿಲ್ಲ. "ಅದು ನಮ್ಮ ರೋಹಿಣಿ ಕಣೇ. ರೋಹಿಣಿ ಮಳೆ ಟೈಮಲ್ಲಿ ನೋಡು, ಇನ್ನೂ ಚೆನ್ನಾಗಿ ಕಾಣ್ತದೆ."

"ಇಲ್ಲಪ್ಪಾ, ಆಗ ಸೂರ್ಯ ಅದರ ಹತ್ರಾನೇ ಇರ್ತಾನೆ. ಕಾಣೋದೇ ಇಲ್ಲ. ಹೊನ್ನೇಶ್ ಮಾವ ಹೇಳಿದ್ರು."

ಬುದ್ಧಿ ಬಂದಾಗಿನಿಂದ ಆ ಮಳೆ ಕಾದು ಬಿತ್ತುತ್ತಿರುವವನು ನಾನು. ಆ ನಕ್ಷತ್ರವನ್ನು ಒಮ್ಮೆಯೂ ತಲೆಯೆತ್ತಿ ಹುಡುಕಿರಲಿಲ್ಲ.

ಅಷ್ಟರಲ್ಲಿ ತಟ್ಟೆ ತೂಗುಹಾಕುವ ನೂಲು ಕಿತ್ತುಬಂತು. ಸದ್ಯ, ಇದಾದರೂ ನನ್ನ ಕೈಲಾಗುವ ಕೆಲಸ ಎಂದು ಖುಷಿಯಿಂದ ಗಂಟು ಹಾಕಿ ಕೊಟ್ಟೆ.

ಎಳೆದು ನೋಡಿದಳು. "ಮಾವ ಎರಡು ಗಂಟು ಹಾಕ್ತಿದ್ರು."

ಇನ್ನೊಂದನ್ನೂ ಹಾಕೋಣವೆಂದರೆ ನೂಲೇ ಕಾಣಲಿಲ್ಲ ಕಣೋ. ಕತ್ತಲಾಗಿತ್ತು.