ಭಾವನ ಪಂಚೆ ಕೆಂಪಾದದ್ದು

ಈರೋಡು, ಮಂಗಳವಾರ

ತಾಯಮ್ಮಾಳ್ ಅತ್ತೆಗೆ ತಮಿಳರಸು ಮಾಡೋ ನಮಸ್ಕಾರ.

ಪೂಂಗೊಡಿ ಅಕ್ಕ ನಮ್ಮನೆಗೆ ಬಂದು ಹನ್ನೊಂದು ದಿನ ಆಯ್ತು. "ನನ್ನ ಮಗನ ಮದುವೆ ಪಂಚೆ ಒಗೆಯೋಕೆ ಹಾಕಿದ್ಲು, ರಕ್ತದ ಹಂಗೆ ಕೆಂಪಾಯ್ತು. ಇವಳ ಕಾಲ್ಗುಣ ನೆಟ್ಟಗಿಲ್ಲ" ಅಂತ ನೀವು ಕಳಿಸಿದ್ರಂತೆ. ಅವಳು ನಿಮ್ಮನ್ನ ಬೈತಿಲ್ಲ. ಊಟಾನೂ ಮಾಡ್ತಿಲ್ಲ.

ನಾನು ಒಂದು ಕಡೆ ಕೂರೋನಲ್ಲ, ನಿಮಗೇ ಗೊತ್ತು. ಆದ್ರೂ ಎರಡು ದಿನ ಒಗೆಯೋ ಕಲ್ಲಿನ ಹತ್ರ ಕೂತು, ಬಿಳಿ ಬಟ್ಟೆ ತುಂಡುಗಳಿಗೆ ಅರಿಶಿನ ಹಚ್ಚಿ ಒಗೆದೆ. ಬಟ್ಟೆ ಸೋಪಿನ ಪುಡಿ ಹಾಕಿದ ತಕ್ಷಣ ಕೆಂಪು. ಬಾರ್ ಸೋಪಿಗೂ ಕೆಂಪು. ಪಾತ್ರೆ ತೊಳೆಯೋ ಲಿಕ್ವಿಡ್‌ಗೆ ಮಾತ್ರ ಹಳದಿ ಹಂಗೇ ಇತ್ತು. ಕೆಂಪಾದ ತುಂಡಿನ ಮೇಲೆ ನಿಂಬೆಹಣ್ಣು ಹಿಂಡಿದೆ, ತಿರುಗಿ ಹಳದಿ ಆಯ್ತು. "ಮನೇಲಿದ್ದ ಸೋಪೆಲ್ಲ ತೀರಿಸಿದ್ಯಲ್ಲೋ ಕತ್ತೆ" ಅಂತ ಅಮ್ಮ ಬೈದ್ಲು. ಅಕ್ಕ ಸ್ವಲ್ಪ ನಕ್ಕಳು.

ಅತ್ತೆ, ಅವಳು ನಿಮ್ಮ ಹೊಸಿಲು ದಾಟಿದ ದಿನ ಆರತಿ ನೀರು ಕದಡಿದ್ದು ನೀವೇ. ಅರಿಶಿನಕ್ಕೆ ಸುಣ್ಣ ಹಾಕಿದ್ರಿ, ನೀರು ಕೆಂಪಾಯ್ತು. ಅವತ್ತು ಅದು ಶುಭ ಆಗಿತ್ತು. ಮದುವೇಲಿ ಭಾವನ ಪಂಚೆ ಮೂಲೆಗೆ ಹಚ್ಚಿದ್ದೂ ಅರಿಶಿನಾನೇ, ಸೋಪು ತಾಗಿ ಬಂದದ್ದೂ ಅದೇ ಕೆಂಪು.

ಶುಕ್ರವಾರ ಹತ್ತು ಗಂಟೆ ಬಸ್ಸಿಗೆ ಅಕ್ಕನ್ನ ಕರ್ಕೊಂಡು ಬರ್ತೀನಿ. ಆರತಿ ಏನೂ ಬೇಡ. ಬಾಗಿಲು ತೆಗೆದಿಡಿ, ಸಾಕು.

ನಿಮ್ಮ ಸೊಸೆಯ ತಮ್ಮ,
ತಮಿಳರಸು