ಎರಡನೇ ಪ್ರೂಫಿನಲ್ಲೂ ಇದ್ದ ಚುಕ್ಕೆ

ಅಮ್ಮಾ,

ಕಾರ್ಡು ಚಿಕ್ಕದು, ಸುದ್ದಿ ದೊಡ್ಡದು. ಅದಕ್ಕೇ ಅಕ್ಷರಗಳು ಇರುವೆಸಾಲಿನಂತಿವೆ.

ಇಲ್ಲಿ ಯಾರೂ ದುರ್ಬೀನಿಗೆ ಕಣ್ಣಿಡುವುದಿಲ್ಲ. ಅದು ಬಾಹ್ಯಾಕಾಶದಲ್ಲಿದೆ, ನಾವು ಹಾಡಹಗಲೇ ಪರದೆ ಎಳೆದ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಅದು ಕಳಿಸಿದ ಚಿತ್ರಗಳನ್ನು ಜಾಲಾಡುತ್ತೇವೆ. ಹೋದ ತಿಂಗಳು ಒಂದು ಚಿತ್ರದ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ ಕಂಡಿತು. ನಮ್ಮ ಮೇಡಂ ಕನ್ನಡಕ ಏರಿಸಿ, "ಅದು ಕ್ಯಾಮೆರಾದ ಕಲೆ ಕಣಮ್ಮ, ಅಳಿಸಿಬಿಡು" ಅಂದರು. ಅಚ್ಚಿನಮನೆಯಲ್ಲಿ ಪ್ರೂಫ್ ತಿದ್ದುತ್ತಾ ನೀನು ಹೇಳುತ್ತಿದ್ದುದು ನೆನಪಾಯಿತು: "ಒಂದು ಹಾಳೇಲಿ ಮಾತ್ರ ಇದ್ರೆ ಧೂಳು, ಎರಡನೇದ್ರಲ್ಲೂ ಇದ್ರೆ ಅಚ್ಚಾಗಿರೋದು."

"ಇನ್ನೊಂದು ಪ್ರೂಫ್ ನೋಡೋಣ ಮೇಡಂ" ಅಂದೆ. ದುರ್ಬೀನನ್ನು ಕೊಂಚ ಸರಿಸಿ ಬೇರೆ ದಿನ ತೆಗೆದ ಚಿತ್ರ ಹುಡುಕಿದೆ. ಕಲೆಯಾಗಿದ್ದರೆ ಕ್ಯಾಮೆರಾದ ಜೊತೆ ಸರಿಯುತ್ತಿತ್ತು. ಇದು ಪಕ್ಕದ ನಕ್ಷತ್ರಗಳ ನಡುವೆ ಇದ್ದಲ್ಲೇ ಕೂತಿತ್ತು!

ನಿನ್ನೆ ಅದರ ಬೆಳಕನ್ನು ಅಳೆದ ಲೆಕ್ಕ ಬಂತು. ಅದೊಂದು ಎಳೆಯ ಗೆಲಾಕ್ಸಿ, ಒಡಲ ತುಂಬ ಹುಟ್ಟುತ್ತಿರುವ ನಕ್ಷತ್ರಗಳು. ಆ ಬೆಳಕು ಹೊರಟು ಸಾವಿರದ ಮುನ್ನೂರು ಕೋಟಿ ವರ್ಷವಾಯಿತು. ಆಗ ವಿಶ್ವವೇ ಹಸುಗೂಸು. ಮೇಡಂ ಈಗ ಎಲ್ಲರಿಗೂ, "ಅಳಿಸೋ ಮೊದಲು ಇನ್ನೊಂದು ಪ್ರೂಫ್ ನೋಡಿ" ಅನ್ನುತ್ತಾರೆ. ಅದು ನಮ್ಮಮ್ಮನ ಮಾತು ಅಂತ ಎದೆಯುಬ್ಬಿಸಿ ಹೇಳಿದ್ದೇನೆ.

ನನ್ನ ನೆಗಡಿ ಹೋಯಿತು. ನೀನು ಕಣ್ಣಿಗೆ ಔಷಧಿ ಹಾಕಿಕೊಳ್ಳುವುದನ್ನು ತಪ್ಪಿಸಬೇಡ. ಹೋದ ಸಲದ ಹಾಗೆ ಈ ಕಾರ್ಡನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತೀಯ, ಗೊತ್ತು. ಮೂಲೆಯಲ್ಲಿರುವ ಚುಕ್ಕೆಯನ್ನು ಮಾತ್ರ ಹೊಡೆದುಹಾಕಬೇಡ. ಅದು ಶಾಯಿ ಚೆಲ್ಲಿದ್ದಲ್ಲ, ನಮ್ಮ ಗೆಲಾಕ್ಸಿ.

ನಿನ್ನ ಮಗಳು